ನೆಲ ಅಗೆಯದೆ ಕೊಳವೆಯ ನಾಡಿ ಹಿಡಿಯುವ ಶಬ್ದ

ಮಂಗಳೂರಿನಿಂದ ಹಾಸನ ದಾರಿಯಾಗಿ ಬೆಂಗಳೂರಿಗೆ ಪೆಟ್ರೋಲು, ಡೀಸೆಲು ಸಾಗಿಸುವ ಸುಮಾರು 360 ಕಿ.ಮೀ. ಉದ್ದದ ಪೈಪ್‌ಲೈನ್ 2003ರಿಂದ ನೆಲದಡಿ ಮಲಗಿದೆ. ಕೊಚ್ಚಿಯಿಂದ ಕಾಸರಗೋಡು ಹಾದು ಮಂಗಳೂರಿಗೆ ಬರುವ ಸುಮಾರು 450 ಕಿ.ಮೀ. ಗ್ಯಾಸ್ ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಈ ದಾರಿಯುದ್ದಕ್ಕೂ ತೋಟ, ಗದ್ದೆ, ಮನೆ ಇದ್ದವರು ಕೇಳುವ ಪ್ರಶ್ನೆ ಒಂದೇ: ಮಣ್ಣಿನೊಳಗೆ ಪೈಪಿಗೆ ತುಕ್ಕು ಹಿಡಿದರೆ ಗೊತ್ತಾಗೋದು ಹೇಗೆ?

ಇದು ಸುಮ್ಮನೆ ಹುಟ್ಟಿದ ಹೆದರಿಕೆ ಅಲ್ಲ. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ತುಕ್ಕು ತಿಂದ ಪೈಪಿನಿಂದ ಗ್ಯಾಸ್ ಸೋರಿ, ಬೆಳಗಿನ ಹೊತ್ತು ಬೆಂಕಿ ಹತ್ತಿಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳಕೊಂಡರು.

ಬಸುರಿಯರಿಗೆ ಆಸ್ಪತ್ರೆಯಲ್ಲಿ ಮಾಡುವ ಸ್ಕ್ಯಾನಿಂಗ್ ನಮಗೆಲ್ಲ ಗೊತ್ತುಂಟು. ಅದೇ ಅಲ್ಟ್ರಾಸೌಂಡ್, ಅಂದ್ರೆ ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ, ಕಿವಿಗೆ ಕೇಳದ ಶಬ್ದ, ಪೈಪಿನ ಪರೀಕ್ಷೆಗೂ ಬಳಕೆಯಲ್ಲಿದೆ. ಉಕ್ಕಿನಲ್ಲಿ ಅದು ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. ಹೊರಗಿನಿಂದ ಕಳಿಸಿದ ಶಬ್ದ ಒಳಮೈಗೆ ಬಡಿದು ಮರಳಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದರೆ, ಪೈಪಿನ ದಪ್ಪ ಎಷ್ಟು ಉಳಿದಿದೆ ಎಂಬ ಲೆಕ್ಕ ಸಿಗುತ್ತದೆ.

ಆದರೆ ಹೀಗೆ ಒಂದೊಂದೇ ಜಾಗ ಮುಟ್ಟಿ ನೋಡಬೇಕಾದರೆ ಇಡೀ ದಾರಿಯನ್ನೇ ಅಗೆಯಬೇಕು. ಉದ್ದದ ಪೈಪುಗಳೊಳಗೆ ಪರೀಕ್ಷಾ ಯಂತ್ರವನ್ನೇ ಓಡಿಸುತ್ತಾರೆ. ಅದು ಹೋಗಲಾಗದ ಕಡೆ ಇನ್ನೊಂದು ಉಪಾಯ ಉಂಟು. ಒಂದು ಕಡೆ ಮಾತ್ರ ಅಗೆದು, ಪೈಪಿಗೆ ಬಳೆಯ ಹಾಗೆ ಪಟ್ಟಿ ತೊಡಿಸಿ, ಶಬ್ದವನ್ನು ಪೈಪಿನ ಗೋಡೆಯ ಉದ್ದಕ್ಕೆ ಓಡಿಸುವುದು. ಹತ್ತಾರು ಮೀಟರ್ ಆಚೆ ತುಕ್ಕು ಇದ್ದರೂ ಅಲ್ಲಿಂದ ಮರುದನಿ ಬರುತ್ತದೆ.

ತೊಂದರೆ ಇರುವುದೂ ಇಲ್ಲೇ. ಪೈಪಿನ ಗೋಡೆಯಲ್ಲಿ ಶಬ್ದ ಹಲವು ಬಗೆಯ ಅಲೆಗಳಾಗಿ ಒಡೆದು, ಒಂದೊಂದೂ ಒಂದೊಂದು ವೇಗದಲ್ಲಿ ಹೋಗುತ್ತದೆ. ಹತ್ತು ಜನ ಒಟ್ಟಿಗೆ ಮಾತಾಡಿದಂತೆ ಮರುದನಿಗಳು ಕಲಸಿಹೋಗುತ್ತವೆ. ಹಾಗಾಗಿ ಶಬ್ದಕ್ಕೆ ದಾರಿ ತೋರಿಸಬೇಕು.

ಕಲಬುರಗಿ, ವಿಜಯಪುರ ಕಡೆ ಪ್ರವಾಸ ಹೋದ ನಮ್ಮ ಮಕ್ಕಳು ಗೋಲಗುಮ್ಮಟದಲ್ಲಿ ಇದರ ರುಚಿ ನೋಡಿರುತ್ತಾರೆ. 1656ರ ಆ ಗುಮ್ಮಟದ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ. ಬಾಗಿದ ಗೋಡೆಯೇ ದನಿಯನ್ನು ತನ್ನ ಮೈಗುಂಟ ಒಯ್ಯುತ್ತದೆ. ಸರ್ ಸಿ.ವಿ. ರಾಮನ್ ಅವರೂ ಇಂಥ ಪಿಸುಮಾತಿನ ಗ್ಯಾಲರಿಗಳನ್ನು ಅಭ್ಯಾಸ ಮಾಡಿದ್ದರು.

ಆಕಾರದಿಂದ ಶಬ್ದವನ್ನು ನಡೆಸುವ ಈ ವಿದ್ಯೆಯ ಹೊಸ ರೂಪವೇ ಅಕೌಸ್ಟಿಕ್ ಮೆಟಾಮೆಟೀರಿಯಲ್. ಹೆಸರು ದೊಡ್ಡದು, ವಸ್ತು ಮಾಮೂಲಿ ಲೋಹ ಅಥವಾ ಪ್ಲಾಸ್ಟಿಕ್. ಅದರಲ್ಲಿ ಅಲೆಯ ಉದ್ದಕ್ಕಿಂತ ಚಿಕ್ಕದಾದ ರಂಧ್ರಗಳನ್ನೋ ಕಡ್ಡಿಗಳನ್ನೋ ಸಾಲಾಗಿ ಮಾಡಿರುತ್ತಾರೆ. ಅವುಗಳ ಅಳತೆ, ಅಂತರ ಬದಲಿಸಿದರೆ ಶಬ್ದ ಒಂದು ಕಡೆ ನಿಧಾನವಾಗಿ, ಇನ್ನೊಂದು ಕಡೆ ಬೇಗ ಹೋಗಿ, ಕನ್ನಡಕದ ಗಾಜಿನಲ್ಲಿ ಬೆಳಕು ಬಾಗುವಂತೆ ಬಾಗುತ್ತದೆ. ಬೇಡದ ಅಲೆಯನ್ನು ತಡೆಯಲೂ ಆಗುತ್ತದೆ. ಮದ್ರಾಸ್ ಐಐಟಿಯ ಸಂಶೋಧಕರು ಇಂಥ ರಂಧ್ರಗಳ ಲೆನ್ಸ್ ಮಾಡಿ, ಅಲೆಯ ಉದ್ದಕ್ಕಿಂತ ಸಣ್ಣ ದೋಷವನ್ನೂ ಲೋಹದೊಳಗೆ ಗುರುತಿಸಬಹುದೆಂದು ತೋರಿಸಿದ್ದಾರೆ. ಇದೆಲ್ಲ ಇನ್ನೂ ಹೆಚ್ಚಾಗಿ ಪ್ರಯೋಗಾಲಯದ ಕೆಲಸ. ಆದರೆ ಸಣ್ಣ ತುಕ್ಕನ್ನು ಮೊದಲೇ ಹಿಡಿದರೆ ನಗರಂನಂಥ ದುರಂತ ತಪ್ಪಿಸಬಹುದು.

ಯಂತ್ರ ಎಷ್ಟೇ ಜಾಣವಾದರೂ ನಮ್ಮ ಪಾಲಿನ ಕೆಲಸ ನಮಗೇ. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಜಾಗದ ಒಡೆತನ ನಮ್ಮದೇ, ಪೈಪ್ ಹಾಕಲು ಬಳಸುವ ಹಕ್ಕು ಮಾತ್ರ ಅವರದು. ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜೆಸಿಬಿ ಇಳಿಸುವ ಮೊದಲು ಅಲ್ಲಿ ನೆಟ್ಟ ಗುರುತು ಕಂಬದ ನಂಬರಿಗೆ ಒಂದು ಫೋನ್ ಮಾಡೋಣ. ವಾಸನೆಯೋ ಬುಸ್ಸೆನ್ನುವ ಸದ್ದೋ ಬಂದರೆ ಬೆಂಕಿ ಹಚ್ಚದೆ, ಮೊದಲು ದೂರ ಸರಿದು, ಆಮೇಲೆ ತಿಳಿಸೋಣ. ನಮ್ಮ ಊರಿನ ಪೈಪನ್ನು ಕೊನೆಯದಾಗಿ ಯಾವಾಗ ಪರೀಕ್ಷಿಸಿದ್ದು ಎಂದು ಗ್ರಾಮಸಭೆಯಲ್ಲಿ ಕೇಳಲೂ ಸಂಕೋಚ ಬೇಡ.