ನಿಮಗಿದು ಗೊತ್ತೇ? ಪೇಸ್‌ಮೇಕರ್ ಲೀಡ್ ಹೊರತೆಗೆಯುವ ಬಗೆ

● ಪೇಸ್‌ಮೇಕರ್‌ನ ಬ್ಯಾಟರಿ ಮುಗಿದರೆ ಡಬ್ಬಿ ಬದಲಿಸುವುದು ಸಣ್ಣ ಶಸ್ತ್ರಚಿಕಿತ್ಸೆ. ಕಷ್ಟವೆಲ್ಲ ಅದರಿಂದ ಹೊರಟು ಸಿರೆಯೊಳಗೆ ಇಳಿದು ಹೃದಯ ಮುಟ್ಟುವ ತಂತಿಯದು, ಅಂದರೆ ಲೀಡ್‌ನದು.

● ಲೀಡ್‌ನ ಸುತ್ತ ದೇಹ ನಾರಿನಂಥ ಅಂಗಾಂಶ ಬೆಳೆಸುತ್ತದೆ. ವರ್ಷಗಳುರುಳಿದಂತೆ ಅದರಲ್ಲಿ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ, ಲೀಡ್ ಸಿರೆಗೋಡೆಗೇ ಅಂಟಿಕೊಳ್ಳುತ್ತದೆ.

● ಹಾಗಿದ್ದರೂ ತೆಗೆಯುವುದೇಕೆ? ಮುಖ್ಯ ಕಾರಣ ಸೋಂಕು. ಲೀಡ್ ಮೇಲೆ ಪೊರೆ ಕಟ್ಟಿಕೊಂಡು ಕೂತ ಬ್ಯಾಕ್ಟೀರಿಯಾವನ್ನು ಆ್ಯಂಟಿಬಯೋಟಿಕ್ ಒಂದೇ ಅಳಿಸಲಾರದು. ಡಬ್ಬಿ, ಲೀಡ್ ಎರಡನ್ನೂ ಪೂರ್ತಿ ತೆಗೆಯಬೇಕು. ಬರೀ ಮಾತ್ರೆ, ಇಂಜೆಕ್ಷನ್‌ನಲ್ಲಿ ದಿನ ತಳ್ಳುವುದು ಅಪಾಯ.

● ಹಿಂದೆ ಲೀಡ್‌ನ ಹೊರತುದಿಗೆ ತೂಕ ಕಟ್ಟಿ, ರಾಟೆಯ ಮೇಲಿಂದ ಇಳಿಬಿಟ್ಟು, ಅದು ಸಡಿಲವಾಗಲೆಂದು ದಿನಗಟ್ಟಲೆ ಕಾಯುತ್ತಿದ್ದದ್ದೂ ಉಂಟು!

● ಈಗ ಲೀಡ್‌ನ ಟೊಳ್ಳಿನೊಳಗೆ ಲಾಕಿಂಗ್ ಸ್ಟೈಲೆಟ್ ಎಂಬ ತೆಳ್ಳನೆಯ ತಂತಿ ತೂರಿಸುತ್ತಾರೆ. ಅದು ಒಳಗೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಎಳೆದಾಗ ಲೀಡ್ ಹಿಗ್ಗಿ ತುಂಡಾಗುವ ಭಯ ಕಡಿಮೆ.

● ಆಮೇಲೆ ಅಂಟಿಕೊಂಡ ಅಂಗಾಂಶ ಬಿಡಿಸಲು ಲೀಡ್‌ನ ಮೇಲೆಯೇ ಒಂದು ಕೊಳವೆ ಜಾರಿಸುತ್ತಾರೆ. ಕೆಲವು ಕೊಳವೆಗಳ ಬಾಯಲ್ಲಿ ತಿರುಗುವ ಅಲಗಿದ್ದರೆ, ಕೆಲವುಗಳಲ್ಲಿ 308 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್. ಕನ್ನಡಕ ಬಿಡಿಸುವ ಲೇಸಿಕ್ ಚಿಕಿತ್ಸೆಯ ಲೇಸರ್ ಕೂಡ ಇದೇ ಬಳಗದ್ದು. ಲೀಡ್ ಬಿಡಿಸುವ ಲೇಸರ್ ಅಂಗಾಂಶದೊಳಗೆ ಇಳಿಯುವುದು ಸುಮಾರು 0.1 ಮಿಲಿಮೀಟರ್‌ವರೆಗೆ ಮಾತ್ರ.

● ಅತಿ ನಾಜೂಕಿನ ಗಳಿಗೆ ಕೊನೆಯದು. ಲೀಡ್‌ನ ತುದಿ ಹೃದಯದ ಗೋಡೆಯಲ್ಲಿ ನಾಟಿರುತ್ತದೆ. ಸುಮ್ಮನೆ ಎಳೆದರೆ ಗೋಡೆಯೂ ಒಳಕ್ಕೆ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಹರಿದೂ ಹೋಗಬಹುದು. ಅದಕ್ಕೇ ಕೊಳವೆಯ ಬಾಯನ್ನು ತುದಿಯ ಸುತ್ತ ಗೋಡೆಗೆ ಆನಿಸಿ ಹಿಡಿದು, ಲೀಡನ್ನು ಅದರೊಳಗೆ ಎಳೆಯುತ್ತಾರೆ. ಎಳೆತದ ಬಲ ಆ ಪುಟ್ಟ ವೃತ್ತದಾಚೆ ಹರಡುವುದಿಲ್ಲ. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸಿದ್ದು ಇದೇ.

● ಎಲ್ಲಕ್ಕಿಂತ ದೊಡ್ಡ ಭಯ, ತಲೆ ಮತ್ತು ತೋಳುಗಳಿಂದ ರಕ್ತ ತರುವ ಮಹಾಸಿರೆ ಹರಿದುಹೋಗುವುದು. ಹಾಗಾದರೆ ನೆರವಿಗೆ ಬರಲೆಂದೇ ಒಂದು ಬಲೂನ್ ಇದೆ. ತೊಡೆಸಂದಿನ ಸಿರೆಯಿಂದ ಅದನ್ನು ಏರಿಸಿ ಉಬ್ಬಿಸಿದರೆ, ಎದೆ ತೆರೆದು ಹೊಲಿಯುವವರೆಗೆ ರಕ್ತಸ್ರಾವ ತಡೆಯುತ್ತದೆ. ಹೃದಯ ಶಸ್ತ್ರಚಿಕಿತ್ಸಕರು ಪಕ್ಕದಲ್ಲೇ ಸಿದ್ಧರಿರಬೇಕೆನ್ನುವುದೂ ಇದಕ್ಕಾಗಿಯೇ.

● ಲೇಸರ್ ಬಳಸಿ ಲೀಡ್ ತೆಗೆದ 1,449 ರೋಗಿಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚಿಕಿತ್ಸೆಯಿಂದಾದ ಸಾವು ಶೇ. 0.28. ಪಳಗಿದ ಕೈ ಇದ್ದಲ್ಲಿ ಹೆದರಬೇಕಾದದ್ದು ಚಿಕಿತ್ಸೆಗಲ್ಲ, ಒಳಗೇ ಉಳಿದ ಸೋಂಕಿಗೆ.

● ಬೇಡವಾದ ಲೀಡನ್ನು ಮೋಟಾಗಿ ಕತ್ತರಿಸಿ ಒಳಗೇ ಬಿಟ್ಟರೆ ಅದು ಸಿರೆಯೊಳಕ್ಕೆ ಜಾರಿಬಿಡಬಹುದು. ಆಗ ಮೇಲಿನಿಂದ ಹಿಡಿಯಲು ತುದಿಯೇ ಇಲ್ಲ. ಹೆಚ್ಚಾಗಿ ತೊಡೆಸಂದಿನಿಂದ ಕುಣಿಕೆ ಹಾಕಿ ಅದನ್ನು ಎಳೆಯಬೇಕಾಗುತ್ತದೆ.