ಚಕ್ರದ ವ್ಯಾಸವೂ ತೈಲದ ವ್ಯಯವೂ

ಅಮೆರಿಕದಲ್ಲಿ ಪಿಕಪ್ ಟ್ರಕ್ಕು ಹುಲ್ಲಿನ ಹೊರೆಯನ್ನೂ ಮರದ ದಿಮ್ಮಿಯನ್ನೂ ಸಾಗಿಸುವ ರೈತನ ಬಂಡಿಯಾಗಿ ಹುಟ್ಟಿತಾದರೂ, ಕಾಲಕ್ರಮದಲ್ಲಿ ಅದು ಪೇಟೆಯ ಗೃಹಸ್ಥನ ನಿತ್ಯವಾಹನವೂ ಅವನ ಅಭಿಮಾನದ ವಸ್ತುವೂ ಆಗಿ ಪರಿಣಮಿಸಿದೆ. ಫೋರ್ಡ್ ಕಂಪನಿಯ ಎಫ್ ಮಾಲೆಯ ಟ್ರಕ್ಕುಗಳು 1977ರಿಂದ ಮೊದಲ್ಗೊಂಡು ದಶಕಗಳ ಕಾಲ ಆ ದೇಶದ ಟ್ರಕ್ಕುಗಳ ಮಾರಾಟದಲ್ಲಿ ಅಗ್ರಸ್ಥಾನವನ್ನು ಉಳಿಸಿಕೊಂಡು ಬಂದಿವೆಯೆಂಬುದರಿಂದ ಈ ಅಭಿಮಾನದ ವಿಸ್ತಾರವನ್ನು ಊಹಿಸಬಹುದು. ಇಂಥ ಟ್ರಕ್ಕನ್ನು ಕೊಂಡವರಲ್ಲಿ ಅನೇಕರಿಗೆ ಮೊದಲು ಹುಟ್ಟುವ ಆಸೆಯೆಂದರೆ, ಕಾರ್ಖಾನೆಯವರು ತೊಡಿಸಿದ ಟಯರುಗಳನ್ನು ಕಳಚಿ ಅವಕ್ಕಿಂತ ದೊಡ್ಡವನ್ನು ತೊಡಿಸುವುದು. ಕಲ್ಲುಮುಳ್ಳಿನ ದಾರಿಯಲ್ಲಿ ಹೊಟ್ಟೆ ತಾಗದಿರಲೆಂಬುದು ಅವರು ಕೊಡುವ ಕಾರಣ. ನೋಡುವವರ ಕಣ್ಣಿಗೆ ಗಂಭೀರವಾಗಿ ಕಾಣಲೆಂಬುದು ಬಹುತೇಕ ನಿಜವಾದ ಕಾರಣ. ಸೇಂಟ್ ಲೂಯಿಸಿನ ಬಾಬ್ ಚಾಂಡ್ಲರ್ ಎಂಬಾತ 1974ರ ಒಂದು ಫೋರ್ಡ್ ಎಫ್-250 ಟ್ರಕ್ಕಿನಿಂದ ಆರಂಭಿಸಿ, ಹಿಮಪ್ರದೇಶಕ್ಕಾಗಿ ಸೈನ್ಯದವರು ಮಾಡಿಸಿದ್ದ ಹತ್ತಡಿ ಎತ್ತರದ ಗಾಲಿಗಳನ್ನು ತನ್ನ ‘ಬಿಗ್‌ಫುಟ್’ ವಾಹನಗಳಲ್ಲೊಂದಕ್ಕೆ ತೊಡಿಸುವಷ್ಟು ದೂರ ಹೋದನು. ಆ ವಾಹನದ ಮೈಲೇಜನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಆತ ಸುಖಿ. ಉಳಿದವರಿಗೆ ಪೆಟ್ರೋಲು ಬಂಕಿನಲ್ಲಿ ಚಿಂತೆ ಹತ್ತಿಕೊಳ್ಳುತ್ತದೆ.

ಈ ಚಿಂತೆಯಲ್ಲಿ ಎಷ್ಟು ಪಾಲು ಸತ್ಯ, ಎಷ್ಟು ಪಾಲು ಮಾಪಕದ ಭ್ರಮೆ ಎಂಬುದನ್ನು ಬೇರ್ಪಡಿಸದೆ ಮುಂದಿನ ಮಾತು ಸಾಗದು. ಆ ದೇಶದ ಅನೇಕ ಪಿಕಪ್‌ಗಳಿಗೆ ಹೊಂದುವ 265/70 ಆರ್ 17 ಎಂಬ ಅಳತೆಯನ್ನೇ ತೆಗೆದುಕೊಳ್ಳೋಣ. ಮೊದಲನೆಯ ಅಂಕಿ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದಲ್ಲಿ ಪಕ್ಕದ ಗೋಡೆಯ ಎತ್ತರ ಶೇಕಡಾ ಎಷ್ಟೆಂಬುದು. ಕೊನೆಯದು ಒಳಗಿನ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಗೋಡೆಯ ಎತ್ತರ 185.5 ಮಿಲಿಮೀಟರಾಯಿತು, ಮೇಲಿನದೂ ಕೆಳಗಿನದೂ ಸೇರಿ 371, ಅದಕ್ಕೆ ರಿಮ್ಮಿನ 431.8ನ್ನು ಕೂಡಿಸಿದರೆ ಹತ್ತಿರಹತ್ತಿರ 803 ಮಿಲಿಮೀಟರು, ಎಂದರೆ 31.6 ಅಂಗುಲ. ಇದನ್ನು ತೆಗೆದು 35 ಅಂಗುಲದ ಟಯರನ್ನು ಹಾಕಿದಲ್ಲಿ ವ್ಯಾಸವೂ, ಅದರೊಡನೆ ಪರಿಧಿಯೂ, ಶೇಕಡಾ 10.7ರಷ್ಟು ಹಿಗ್ಗುತ್ತವೆ. ಹೊಟ್ಟೆಯಡಿಯ ತೆರಪು ಹೆಚ್ಚುವುದು ಮಾತ್ರ ವ್ಯಾಸದ ಹೆಚ್ಚಳದ ಅರ್ಧದಷ್ಟು, ಸುಮಾರು ಒಂದೂಮುಕ್ಕಾಲು ಅಂಗುಲ.

ಓಡೋಮೀಟರಿಗೆ ರಸ್ತೆ ಕಾಣುವುದಿಲ್ಲ. ಅದು ಎಣಿಸುವುದು ಸುತ್ತುಗಳನ್ನು. ಒಂದು ಸುತ್ತಿಗೆ ಇಷ್ಟು ದೂರವೆಂದು ಕಾರ್ಖಾನೆಯಲ್ಲಿ ಕಲಿಸಿದ ಪಾಠವನ್ನೇ ಅದು ಒಪ್ಪಿಸುತ್ತದೆ. ಆದಕಾರಣ ದೊಡ್ಡ ಟಯರು ಹಾಕಿದ ಟ್ರಕ್ಕು 110.7 ಮೈಲಿ ಓಡಿದಾಗಲೂ ಅದು 100 ಎಂದೇ ಬರೆದುಕೊಳ್ಳುವುದು. ಮೊದಲು 15 ಗ್ಯಾಲನ್ ಪೆಟ್ರೋಲಿಗೆ 300 ಮೈಲಿ, ಎಂದರೆ ಗ್ಯಾಲನ್ನಿಗೆ 20, ನಮ್ಮ ಲೆಕ್ಕದಲ್ಲಿ ಲೀಟರಿಗೆ ಎಂಟೂವರೆ ಕಿಲೋಮೀಟರು ಪಡೆಯುತ್ತಿದ್ದ ಒಬ್ಬ ಯಜಮಾನನನ್ನು ಕಲ್ಪಿಸಿಕೊಳ್ಳಿ. ಟಯರು ಬದಲಾದ ಮೇಲೆ ಅಷ್ಟೇ ಪೆಟ್ರೋಲಿಗೆ ಓಡೋಮೀಟರು 240ನ್ನು ತೋರಿಸಿತೆನ್ನೋಣ. ಗ್ಯಾಲನ್ನಿಗೆ 16, ಐದರಲ್ಲೊಂದು ಪಾಲು ಹೋಯಿತೆಂದು ಆತ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಆದರೆ ಟ್ರಕ್ಕು ವಾಸ್ತವವಾಗಿ ಕ್ರಮಿಸಿದ್ದು 266 ಮೈಲಿ, ಗ್ಯಾಲನ್ನಿಗೆ 17.7. ಶೇಕಡಾ ಇಪ್ಪತ್ತೆಂದು ತೋರಿದ ನಷ್ಟ ಹನ್ನೊಂದೂವರೆಗೆ ಇಳಿಯಿತು. ಮಿಕ್ಕದ್ದೆಲ್ಲ ಕಾಗದದ ಮೇಲಿನ ನಷ್ಟ.

ಇನ್ನು ಉಳಿದ ಹನ್ನೊಂದೂವರೆಗೆ ಹೊಣೆ ಯಾರು? ವ್ಯಾಸವೆಂದು ಎಲ್ಲರೂ ಬೆರಳು ತೋರುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಬಹುಮಟ್ಟಿಗೆ ನಿರಪರಾಧಿ. ಗಾಲಿ ದೊಡ್ಡದಾದಂತೆ ಮೈಲಿಯೊಂದಕ್ಕೆ ಎಂಜಿನು ತಿರುಗಬೇಕಾದ ಸುತ್ತುಗಳು ಕಡಮೆಯಾಗುತ್ತವೆ; ಹಿಂದಿನ ಅಚ್ಚಿನ 3.73ರ ಗೇರು ಅನುಪಾತ 3.37ರಂತೆ ವರ್ತಿಸತೊಡಗುತ್ತದೆ. ಹಗುರವಾದ ಕೆಲಸದಲ್ಲಿ ಪೆಟ್ರೋಲು ಎಂಜಿನು ಅರೆಮುಚ್ಚಿದ ಥ್ರಾಟಲಿನ ಮೂಲಕ ಗಾಳಿಯನ್ನು ಎಳೆದುಕೊಳ್ಳಲು ವ್ಯರ್ಥ ಶ್ರಮಪಡುವುದರಿಂದ, ಸುತ್ತು ಇಳಿದು ಥ್ರಾಟಲು ಹೆಚ್ಚು ತೆರೆದಿರುವ ಸ್ಥಿತಿಯಲ್ಲಿ ಅದಕ್ಕೆ ಕೊಂಚ ಲಾಭವೇ ಆಗಬಹುದು. ಸಮತಟ್ಟಾದ ರಸ್ತೆಯಲ್ಲಿ ಈ ಲಾಭ ಅಲ್ಪಸ್ವಲ್ಪ ದೊರೆಯುವುದೂ ಉಂಟು. ಏರು ಬಂದಾಗ, ಇಲ್ಲವೆ ಎದುರುಗಾಳಿ ಬೀಸಿದಾಗ, ಎಂಜಿನಿಗೆ ಶಕ್ತಿ ಸಾಲದೆ ಸ್ವಯಂಚಾಲಿತ ಗೇರುಪೆಟ್ಟಿಗೆ ಮತ್ತೆಮತ್ತೆ ಕೆಳಗೇರಿಗೆ ಇಳಿಯುವುದರಿಂದ ಗಳಿಸಿದ್ದೆಲ್ಲ ಅಲ್ಲಿಯೇ ಕರಗುತ್ತದೆ.

ನಿಜವಾದ ಅಪರಾಧಿ ರಬ್ಬರಿನೊಳಗೇ ಅಡಗಿದೆ. ಉರುಳುವ ಟಯರಿನ ಯಾವ ಭಾಗ ನೆಲವನ್ನು ಮುಟ್ಟುವುದೋ ಆ ಭಾಗ ಪ್ರತಿ ಸುತ್ತಿನಲ್ಲಿಯೂ ಚಪ್ಪಟೆಯಾಗಿ ಮತ್ತೆ ದುಂಡಗಾಗಬೇಕು. ರಾಗಿಮುದ್ದೆ ತೊಳಸುವವರ ತೋಳಿನ ಬಲ ಮುದ್ದೆಯಿಂದ ಮರಳಿ ಬರದಂತೆ, ಬಾಗಿಸಲು ವ್ಯಯಿಸಿದ ಶಕ್ತಿಯಲ್ಲಿ ಒಂದಂಶ ಶಾಖವಾಗಿ ಹೋಗಿಬಿಡುತ್ತದೆ. ಕೆಸರಿಗಾಗಿ ಮಾಡಿದ ಟಯರುಗಳ ದಪ್ಪ ಗಟ್ಟಿಗಳು ಡಾಂಬರಿನ ಮೇಲೆ ಹೊರಳಾಡುತ್ತವೆ. ಭಾರೀ ಹೊರೆಗೆಂದು ಪದರದ ಮೇಲೆ ಪದರವಿಟ್ಟ ಅವುಗಳ ಗೋಡೆಗಳು ಬಾಗಲು ಇನ್ನಷ್ಟು ಶಕ್ತಿಯನ್ನು ಬೇಡುತ್ತವೆ. ರಬ್ಬರೂ ರಚನೆಯೂ ಒಂದೇ ಆಗಿದ್ದ ಪಕ್ಷದಲ್ಲಿ ದೊಡ್ಡ ವ್ಯಾಸದ ಗಾಲಿ ಚಿಕ್ಕದಕ್ಕಿಂತ ಸುಲಭವಾಗಿಯೇ ಉರುಳಬೇಕಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಸಾರಿಗೆ ಸಂಶೋಧನ ಮಂಡಲಿ 2006ರಲ್ಲಿ ಹೊರತಂದ ವರದಿಯ ಪ್ರಕಾರ ಟಯರುಗಳ ಉರುಳುವಿಕೆಯ ಪ್ರತಿರೋಧ ಶೇಕಡಾ ಹತ್ತರಷ್ಟು ತಗ್ಗಿದಲ್ಲಿ ಮೈಲೇಜು ಶೇಕಡಾ ಒಂದರಿಂದ ಎರಡರಷ್ಟು ಏರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ ಒರಟು ಟಯರಿನ ದಂಡ ಎಷ್ಟೆಂಬುದು ಹೊಳೆದೀತು.

ತೂಕದ ವಿಷಯದಲ್ಲಿ ಜನ ಆಡುವ ಮಾತು ಸ್ವಲ್ಪ ಅತಿಯೆಂದು ತೋರುತ್ತದೆ. ಮೂಲ ಟಯರು ಸುಮಾರು 40 ಪೌಂಡು ತೂಗಿದರೆ, 35 ಅಂಗುಲದ ಭಾರೀ ಟಯರು ಎಪ್ಪತ್ತರ ಸಮೀಪಕ್ಕೆ ಹೋಗಬಹುದು. ನಾಲ್ಕಕ್ಕೂ ಕೂಡಿ ನೂರಿಪ್ಪತ್ತು ಪೌಂಡು ಹೆಚ್ಚಳ. ಗಾಲಿಯ ಅಂಚಿನಲ್ಲಿರುವ ದ್ರವ್ಯ ಮುಂದಕ್ಕೂ ಚಲಿಸಬೇಕು, ತಿರುಗಲೂ ಬೇಕು. ಆದ್ದರಿಂದ ವೇಗ ಪಡೆಯುವಾಗ ಅದು ಇಮ್ಮಡಿಯ ಹತ್ತಿರಹತ್ತಿರ ತೂಗಿದಂತೆ ವರ್ತಿಸುತ್ತದೆ. ಹಾಗಿದ್ದರೂ ಐದು ಸಾವಿರ ಪೌಂಡಿನ ಟ್ರಕ್ಕಿಗೆ ಇದು ದೊಡ್ಡ ಹೊರೆಯಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ಹೊರಡುವ ಪೇಟೆಯ ಸಂಚಾರದಲ್ಲಿ ಇದರ ಪರಿಣಾಮ ಕಂಡೀತು, ಹೆದ್ದಾರಿಯಲ್ಲಿ ಕಾಣದು.

ಹೆದ್ದಾರಿಯಲ್ಲಿ ಲೆಕ್ಕಕ್ಕೆ ಬರುವುದು ಗಾಳಿ. ದೊಡ್ಡ ಗಾಲಿಗೆ ಎಡೆಮಾಡಲು ಟ್ರಕ್ಕನ್ನು ಮೂರು ನಾಲ್ಕು ಅಂಗುಲ ಎತ್ತರಿಸುವುದೂ, ಮೂತಿಯ ಕೆಳಗೆ ಗಾಳಿಯನ್ನು ತಡೆಯಲೆಂದೇ ಕಾರ್ಖಾನೆಯವರು ಜೋಡಿಸಿದ ಪಟ್ಟಿಯನ್ನು ಕತ್ತರಿಸಿ ಹಾಕುವುದೂ ವಾಡಿಕೆ. ಅಲ್ಲಿಗೆ ಅಡಿಯ ಒರಟು ಯಂತ್ರಾಂಗಗಳೆಲ್ಲ ಗಾಳಿಗೆ ಮೈಯೊಡ್ಡಿದಂತಾಯಿತು. ಇದರ ಮೇಲೆ ಇನ್ನೊಂದು ಮೋಸವಿದೆ. ಮಾಪಕ ಗಂಟೆಗೆ 65 ಮೈಲಿ ಎಂದು ತೋರಿಸುವಾಗ ಟ್ರಕ್ಕು 72ರಲ್ಲಿ ಓಡುತ್ತಿರುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕನುಸಾರವಾಗಿ ಬೆಳೆಯುವುದರಿಂದ ಯಜಮಾನನಿಗೆ ತಿಳಿಯದಂತೆಯೇ ಅದು ಶೇಕಡಾ ಇಪ್ಪತ್ತೆರಡೂವರೆಯಷ್ಟು ಏರಿರುತ್ತದೆ. ಮಾಪಕದ ತಪ್ಪು ಲೆಕ್ಕವನ್ನು ಕೆಡಿಸಿತಷ್ಟೇ ಅಲ್ಲದೆ ಪೆಟ್ರೋಲನ್ನೂ ನಿಜವಾಗಿಯೇ ಕುಡಿಯಿತು. ಹೊಸ ವ್ಯಾಸಕ್ಕೆ ತಕ್ಕಂತೆ ಟ್ರಕ್ಕಿನ ಕಂಪ್ಯೂಟರನ್ನು ತಿದ್ದಿಸುವುದು ಈ ಕಾರಣದಿಂದ ಮೊದಲ ಕರ್ತವ್ಯ. ಟಯರುಗಳಲ್ಲಿ ಗಾಳಿಯ ಸರಾಸರಿ ಒತ್ತಡ ಚದರಂಗುಲಕ್ಕೆ ಒಂದು ಪೌಂಡು ಇಳಿದರೆ ಮೈಲೇಜು ಶೇಕಡಾ 0.2ರಷ್ಟು ಇಳಿಯುತ್ತದೆಂದು ಅಲ್ಲಿನ ಸರ್ಕಾರವೇ ಹೇಳುವುದರಿಂದ ಅದರ ಮೇಲೂ ಕಣ್ಣಿಡುವುದು ಲೇಸು.

ಏರಿನಲ್ಲಿ ಕುಂದಿದ ಎಳೆತವನ್ನು ಮರಳಿ ಪಡೆಯಲು ಅಚ್ಚಿನ ಗೇರು ಅನುಪಾತವನ್ನು 3.73ರಿಂದ 4.10ಕ್ಕೆ ಏರಿಸಿದರೆ ಟ್ರಕ್ಕು ಹೆಚ್ಚುಕಡಮೆ ಮೊದಲಿನಂತೆಯೇ ಎಳೆಯುತ್ತದೆ. ಆದರೆ ನಾಲ್ಕು ಗಾಲಿಗೂ ಚಾಲನೆಯಿರುವ ವಾಹನದಲ್ಲಿ ಹಿಂದಿನ ಅಚ್ಚನ್ನೂ ಮುಂದಿನದನ್ನೂ ಬಿಚ್ಚಬೇಕಾದ್ದರಿಂದ ಆ ವೆಚ್ಚ ಪೆಟ್ರೋಲಿನ ಉಳಿತಾಯದಿಂದ ಹಿಂದಿರುಗಿ ಬರುವುದು ಅಪರೂಪ. ದೋಣಿಯನ್ನೋ ಟ್ರೈಲರನ್ನೋ ಹಿಂದೆ ಕಟ್ಟಿ ಎಳೆಯುವವರಿಗಷ್ಟೆ ಅದು ಸಾರ್ಥಕ. ಭಾರತದಲ್ಲಿ ಇದೇ ಹವ್ಯಾಸಕ್ಕೆ ಇಳಿಯುವವರು ಮಾತ್ರ ಗೇರಿನ ಲೆಕ್ಕಕ್ಕೂ ಮುನ್ನ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವನ್ನು ಓದಿಕೊಳ್ಳಬೇಕು. ನೋಂದಣಿಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಅದು ಅಡ್ಡಿಮಾಡುತ್ತದೆ.