ನಾದದ ಎರಡು ನಡುಕಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುಡಿ-ಬಸದಿಗಳಲ್ಲಿ ತೂಗುವ ಕಂಚಿನ ದೊಡ್ಡ ಗಂಟೆಯನ್ನು ಒಮ್ಮೆ ಬಾರಿಸಿ, ನಾದವು ಅಡಗುವವರೆಗೆ ಕಿವಿಗೊಟ್ಟು ಕೇಳಿದರೆ ಒಂದು ವಿಶೇಷವು ಗೋಚರವಾಗುವುದುಂಟು. ನಾದವು ಒಂದೇ ಸಮನೆ ಕುಗ್ಗುತ್ತ ಹೋಗದೆ, ಅಲೆಯಲೆಯಾಗಿ ಉಬ್ಬುತ್ತ ತಗ್ಗುತ್ತ ಕರಗುತ್ತದೆ. ಅದೇ ಊರುಗಳಲ್ಲಿ ಯಕ್ಷಗಾನದ ಭಾಗವತರು ಒಂದು ಸ್ವರವನ್ನು ಎಳೆದು ನಿಲ್ಲಿಸಿದಾಗ ಅದೂ ನಡುಗುತ್ತದೆ. ಎರಡನ್ನೂ ನಾವು ನಡುಕವೆಂದೇ ಕರೆಯುತ್ತೇವೆ. ಆದರೆ ಭೌತವಿಜ್ಞಾನದ ದೃಷ್ಟಿಯಲ್ಲಿ ಇವು ತೀರ ಬೇರೆ ಬೇರೆ.

ಯಾವ ಸ್ವರಕ್ಕೂ ಎರಡು ಮುಖ್ಯ ಲಕ್ಷಣಗಳಿವೆ. ಸೆಕೆಂಡಿಗೆ ಎಷ್ಟು ಕಂಪನಗಳೆಂಬ ಆವೃತ್ತಿಯು ಸ್ವರದ ಎತ್ತರವನ್ನು ನಿರ್ಧರಿಸುತ್ತದೆ. ಪ್ರತಿಯೊಂದು ಕಂಪನ ಎಷ್ಟು ವಿಸ್ತಾರವಾದುದೆಂಬುದು ಅದರ ಗಟ್ಟಿತನವನ್ನು ನಿರ್ಧರಿಸುತ್ತದೆ. ಗಟ್ಟಿತನ ಮಾತ್ರ ಏರಿಳಿದರೆ ಅದು ಟ್ರೆಮೊಲೊ; ಸ್ವರದ ಎತ್ತರವೇ ಮೇಲೆ ಕೆಳಗೆ ತೂಗಿದರೆ ಅದು ವೈಬ್ರಾಟೊ. ಗಂಟೆಯದು ಮೊದಲನೆಯ ಜಾತಿ. ಭಾಗವತರದು ಬಹುಮಟ್ಟಿಗೆ ಎರಡನೆಯದು. ನಮ್ಮ ಸಂಗೀತದ 'ಕಂಪಿತ' ಗಮಕವೂ ಅದೇ ಜಾತಿಗೆ ಸೇರಿದುದು.

ಗಂಟೆ ಏಕೆ ನಡುಗುತ್ತದೆ?

ಎಷ್ಟೇ ಜಾಣ್ಮೆಯಿಂದ ಎರಕ ಹೊಯ್ದರೂ ಗಂಟೆಯ ಅಂಚಿನ ದಪ್ಪವು ಎಲ್ಲೆಡೆಯೂ ಒಂದೇ ಸಮನಾಗಿರದು. ಆದಕಾರಣ ಒಂದಾಗಿರಬೇಕಾದ ಸ್ವರವು ಅತಿ ಸಮೀಪದ ಎರಡು ಆವೃತ್ತಿಗಳಾಗಿ ಒಡೆಯುತ್ತದೆ. ಅವು ಒಮ್ಮೆ ಕೂಡಿ ನಾದವನ್ನು ಹೆಚ್ಚಿಸುತ್ತವೆ, ಮತ್ತೊಮ್ಮೆ ಒಂದನ್ನೊಂದು ಎದುರಿಸಿ ಕುಗ್ಗಿಸುತ್ತವೆ. ಇದೇ ವಿಸ್ಪಂದ. ಎರಡು ಆವೃತ್ತಿಗಳ ವ್ಯತ್ಯಾಸವೆಷ್ಟೋ ಸೆಕೆಂಡಿಗೆ ವಿಸ್ಪಂದಗಳೂ ಅಷ್ಟೇ.

ಗಿಟಾರ್ ಉಳ್ಳ ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಅತಿ ದಪ್ಪನೆಯ ತಂತಿಯನ್ನು ಐದನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದರೆ ಸೆಕೆಂಡಿಗೆ 110 ಕಂಪನ. ಪಕ್ಕದ ತಂತಿಯನ್ನು ಒತ್ತದೆ ಮೀಟಿದರೂ 110. ಪಕ್ಕದ ತಂತಿಯ ಬಿರಡೆಯನ್ನು ಸ್ವಲ್ಪ ಬಿಗಿಮಾಡಿ 114ಕ್ಕೆ ಏರಿಸಿ, ಎರಡನ್ನೂ ಒಟ್ಟಿಗೆ ಮೀಟಿದರೆ ಸೆಕೆಂಡಿಗೆ ನಾಲ್ಕು ಬಾರಿ ಉಬ್ಬುವ ನಾದ ಕೇಳಿಬರುತ್ತದೆ.

ಅದಲುಬದಲಾದ ಹೆಸರುಗಳು

1954ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅವರ ಸಂಸ್ಥೆಯು ಸ್ಟ್ರಾಟೊಕಾಸ್ಟರ್ ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು. ಅದರ ಕುದುರೆಗೆ ಒಂದು ಲೋಹದ ಹಿಡಿಯನ್ನು ಜೋಡಿಸಿತ್ತು. ಹಿಡಿಯನ್ನು ಒತ್ತಿದರೆ ಸ್ವರ ಕೆಳಗಿಳಿಯುತ್ತದೆ. ಅಂದರೆ ಅದು ಮಾಡುವುದು ವೈಬ್ರಾಟೊ. ಆದರೆ ಫೆಂಡರ್ ಅದಕ್ಕೆ ಟ್ರೆಮೊಲೊ ಎಂದು ಹೆಸರಿಟ್ಟರು! ಅದೇ ಸಂಸ್ಥೆಯ ಧ್ವನಿವರ್ಧಕಗಳಲ್ಲಿ ಗಟ್ಟಿತನವನ್ನು ಏರಿಳಿಸುವ ಮಂಡಲಕ್ಕೆ ವೈಬ್ರಾಟೊ ಎಂಬ ಹೆಸರು ಬಂದಿತು. ಈ ಗೊಂದಲ ಇಂದಿಗೂ ಮುಂದುವರಿದಿದೆ. ಆಡುಮಾತಿನಲ್ಲಿ ಆ ಹಿಡಿಯು 'ವ್ಯಾಮಿ ಬಾರ್' ಎನಿಸಿಕೊಂಡಿದೆ.

ಹಿಡಿಯ ಮರ್ಮವು ಸರಳವಾದುದು. ಕುದುರೆಯು ಸನ್ನೆಗೋಲಿನಂತೆ ತೂಗಾಡುತ್ತದೆ. ಒಂದು ಕಡೆ ಆರು ತಂತಿಗಳ ಎಳೆತ, ಒಟ್ಟು ಸುಮಾರು 40 ಕಿಲೋಗ್ರಾಂ ತೂಕಕ್ಕೆ ಸಮ. ಅದನ್ನು ಗಿಟಾರಿನ ಬೆನ್ನಿನಲ್ಲಿ ಅಡಗಿರುವ ಸುರುಳಿ ಸ್ಪ್ರಿಂಗುಗಳು ಸರಿದೂಗಿಸುತ್ತವೆ. ಹಿಡಿಯನ್ನು ಒತ್ತಿದಾಗ ತಂತಿ ಸಡಿಲಗೊಳ್ಳುತ್ತದೆ. ತಂತಿಯ ಆವೃತ್ತಿಯು ಬಿಗಿತದ ವರ್ಗಮೂಲಕ್ಕೆ ಅನುಗುಣವಾದುದರಿಂದ, ಸ್ವರವನ್ನು ಒಂದು ಅರ್ಧಸ್ವರದಷ್ಟು ಇಳಿಸಲು ಬಿಗಿತವನ್ನು ಶೇಕಡಾ 11ರಷ್ಟು ತಗ್ಗಿಸಬೇಕು. ಇಡಿಯ ಒಂದು ಸ್ಥಾಯಿ ಇಳಿಸಬೇಕಾದರೆ ಕಾಲುಭಾಗಕ್ಕೆ ತರಬೇಕು.

ಇದರಲ್ಲಿ ತೊಡಕೂ ಉಂಟು. ದಪ್ಪ ತಂತಿ, ತೆಳು ತಂತಿಗಳು ಒಂದೇ ಅನುಪಾತದಲ್ಲಿ ಇಳಿಯುವುದಿಲ್ಲ. ಮೇಲಾಗಿ, ಗಿಟಾರಿನ ತಲೆಯ ಬಳಿಯ ಕಚ್ಚುಗಳಲ್ಲಿ ತಂತಿ ಘರ್ಷಣೆಯಿಂದ ಸಿಕ್ಕಿಕೊಂಡು, ಹಿಡಿಯನ್ನು ಬಿಟ್ಟಮೇಲೂ ಮೊದಲಿನ ಶ್ರುತಿಗೆ ಮರಳದೆ ಇರಬಹುದು. 1970ರ ದಶಕದ ಉತ್ತರಾರ್ಧದಲ್ಲಿ ಫ್ಲಾಯ್ಡ್ ರೋಸ್ ಎಂಬವರು ತಂತಿಯನ್ನು ಆ ಕಚ್ಚಿನಲ್ಲಿಯೇ ಬಿಗಿಯಾಗಿ ಕಚ್ಚಿ ಹಿಡಿಯುವ ಏರ್ಪಾಡಿನಿಂದ ಈ ತೊಂದರೆಯನ್ನು ನಿವಾರಿಸಿದರು.

ನಮ್ಮ ವೀಣೆಗೆ ಇಂತಹ ಹಿಡಿ ಬೇಕಾಗಿಲ್ಲ. ವೈಣಿಕರು ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಬಿಗಿತವನ್ನು ಹೆಚ್ಚಿಸುತ್ತಾರೆ. ಒಂದೇ ಮೆಟ್ಟಿಲಿನಿಂದ ಹಲವು ಸ್ವರಗಳನ್ನು ಹೀಗೆ ಹೊರಡಿಸಬಹುದು. ಭೇದವಿಷ್ಟೆ: ಎಳೆತದಿಂದ ಸ್ವರ ಏರಬಲ್ಲದು; ಒತ್ತಿದ ಸ್ಥಾನಕ್ಕಿಂತ ಕೆಳಗಿಳಿಯದು.

ಕೀಲಿಗಳ ವಾದ್ಯ ಮತ್ತು ಗಮಕ

ಹಾರ್ಮೋನಿಯಮ್ಮಿನ ಒಂದು ಮನೆಯನ್ನು ಒತ್ತಿದರೆ ಒಂದೇ ನಿಶ್ಚಿತ ಸ್ವರ. ತಿದಿಯ ಗಾಳಿಯಿಂದ ಅದರ ಗಟ್ಟಿತನವನ್ನು ನಡುಗಿಸಬಹುದೇ ಹೊರತು ಎತ್ತರವನ್ನು ಬಳುಕಿಸಲಾಗದು. ಗಮಕವಿಲ್ಲವೆಂಬ ಈ ಆಕ್ಷೇಪವೂ ಸೇರಿ ಆಕಾಶವಾಣಿಯು 1940ರಲ್ಲಿ ಆ ವಾದ್ಯವನ್ನು ನಿಷೇಧಿಸಿತು. 1971ರಲ್ಲಷ್ಟೇ ನಿಷೇಧವನ್ನು ಸಡಿಲಿಸಿತು.

ಹಾಗಾದರೆ ಕೀಲಿಗಳುಳ್ಳ ಪಾಶ್ಚಾತ್ಯ ವಾದ್ಯದಲ್ಲಿ ಕರ್ನಾಟಕ ಸಂಗೀತ ಅಸಾಧ್ಯವೆ? ಇದಕ್ಕೆ ಉತ್ತರವಿತ್ತವರು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ನಾಗಸ್ವರದ ರಂಧ್ರಗಳು ತೆರೆದವು. ಬೆರಳಿನಿಂದ ಅರೆಬರೆ ಮುಚ್ಚಿ ಸ್ವರವನ್ನು ಜಾರಿಸಬಹುದು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಅವರು ಮನಸೋತ ಸ್ಯಾಕ್ಸೊಫೋನಿನ ರಂಧ್ರಗಳನ್ನು ಮುಚ್ಚುವುದು ಕೀಲಿಗಳ ಮುಚ್ಚಳಗಳು. ಅಲ್ಲಿ ನೆರವಾಗುವುದು ತುಟಿ. ರೀಡಿನ ಮೇಲೆ ತುಟಿಯ ಒತ್ತಡ ಹೆಚ್ಚಿದರೆ ಸ್ವರ ತುಸು ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇದರೊಂದಿಗೆ ಉಸಿರು, ಕೀಲಿಗಳ ಚಲನೆಗಳನ್ನು ಹೊಂದಿಸಿ, ದೀರ್ಘಕಾಲದ ಸಾಧನೆಯಿಂದ ಅವರು ಗಮಕಗಳನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಪ್ರೊಮೆನೇಡ್ ಕಚೇರಿ ನಡೆಸಿದರು, 2004ರಲ್ಲಿ ಪದ್ಮಶ್ರೀ ಗೌರವ ಪಡೆದರು, 2019ರಲ್ಲಿ ನಿಧನರಾದರು.

ಹಾರ್ಮೋನಿಯಮ್ಮಿನ ರೀಡು ಪೆಟ್ಟಿಗೆಯೊಳಗೆ ಅಡಗಿದೆ. ಸ್ಯಾಕ್ಸೊಫೋನಿನ ರೀಡು ವಾದಕನ ತುಟಿಗೆ ಎಟಕುತ್ತದೆ. ಕಂಪಿಸುವ ವಸ್ತುವನ್ನೇ ಕಲಾವಿದನು ಮುಟ್ಟಬಲ್ಲನೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಇನ್ನು ಮುಂದೆ ಯಾವ ವಾದ್ಯ ನಡುಗುವುದನ್ನು ಕೇಳಿದರೂ ವಾಚಕರು ಅದರ ಮೇಲೆ ಬರೆದ ಹೆಸರನ್ನು ನಂಬದೆ, ನಡುಗುತ್ತಿರುವುದು ಸ್ವರದ ಎತ್ತರವೋ ಗಟ್ಟಿತನವೋ ಎಂದು ತಮ್ಮ ಕಿವಿಯನ್ನೇ ಕೇಳಿ ನೋಡಲಿ.